ಓದುಗರ ಪ್ರಶ್ನೆ: ಪೇಡೆ ಒಯ್ಯಬಹುದೇ, ಶೇಂಗಾ ಹಿಂಡಿ ಬಡಿಸಬಹುದೇ?

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಖೊಖೊ ತಂಡದ ಹುಡುಗಿಯರನ್ನು ಆಸ್ಟ್ರೇಲಿಯಾದ ಶಾಲೆಯೊಂದು ಹತ್ತು ದಿನಗಳ ಕ್ರೀಡೆ-ಸಂಸ್ಕೃತಿ ವಿನಿಮಯಕ್ಕೆ ಕರೆದಿದೆ. ದಸರಾ ರಜೆಯಲ್ಲಿ ಹೋಗಬಹುದೇ?
– ದೈಹಿಕ ಶಿಕ್ಷಕರು, ಧಾರವಾಡ

ಉತ್ತರ: ದಸರಾ ಬೇಡ. ಸೆಪ್ಟೆಂಬರ್ ಕೊನೆಯಿಂದ ಸುಮಾರು ಎರಡು ವಾರ ಅಲ್ಲಿಯೂ ರಜೆ. ಊರು ನೋಡಬಹುದು, ಜೊತೆಗೆ ಆಡುವ ಮಕ್ಕಳೇ ಸಿಗುವುದಿಲ್ಲ. ಮೇ ತಿಂಗಳು ಒಳ್ಳೆಯದು. ನಮಗೆ ಬೇಸಿಗೆ ರಜೆ, ಅವರಿಗೆ ಎರಡನೆಯ ಅವಧಿಯ ಪಾಠ. ಆಗ ಸಿಡ್ನಿ, ಮೆಲ್ಬರ್ನ್ ಕಡೆ ಚಳಿ ಶುರುವಾಗಿರುತ್ತದೆ, ಸ್ವೆಟರ್ ಇರಲಿ.

ಪಾಸ್‌ಪೋರ್ಟ್ ಕೆಲಸ ಈಗಲೇ ಹಿಡಿಯಿರಿ. ನಮ್ಮ ಭಾಗದಲ್ಲಿ ಅರ್ಜಿ ನಿಲ್ಲುವುದು ಹೆಚ್ಚಾಗಿ ಹೆಸರಿನಲ್ಲಿ: ಶಾಲೆಯ ದಾಖಲೆಯಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ, ಆಧಾರ್‌ನಲ್ಲಿ ಎರಡೇ. ಮೊದಲು ಅದನ್ನು ಸರಿಪಡಿಸಿ, ಆಮೇಲೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ. ತಂದೆ-ತಾಯಿ ಇಬ್ಬರ ಸಹಿಯ ಘೋಷಣೆ ಪತ್ರ, ಅಂದರೆ ಅನುಬಂಧ ‘ಡಿ’ ಬೇಕು. ಆಸ್ಟ್ರೇಲಿಯಾ ವೀಸಾಕ್ಕೆ ಪಾಲಕರ ಒಪ್ಪಿಗೆಯ 1229ನೇ ನಮೂನೆ ಬೇರೆ.

ಅಲ್ಲಿನ ಮಕ್ಕಳಿಗೆ ಖೊಖೊ ಕಲಿಸುವಾಗ ಎಂಟು ಜನರನ್ನು ಒಮ್ಮೆಗೇ ಕೂರಿಸಬೇಡಿ, ಐವರು ಸಾಕು. ‘ಖೋ’ ಎಂಬ ಸದ್ದು ಕೇಳಿದರೆ ಸಾಕು, ಹೊಸಬರು ಎದ್ದುಬಿಡುತ್ತಾರೆ. ಹಿಂದಿನಿಂದ ಬೆನ್ನಿಗೆ ಕೈ ತಾಗಬೇಕು, ಆ ಕ್ಷಣಕ್ಕೇ ‘ಖೋ’ ಕೇಳಬೇಕು, ಆಗಷ್ಟೇ ಏಳುವುದು. ಇದೊಂದನ್ನೇ ಹತ್ತು ನಿಮಿಷ ಮಾಡಿಸಿ. ಒಂದು ದಿಕ್ಕಿಗೆ ಹೊರಟ ಮೇಲೆ ತಿರುಗುವಂತಿಲ್ಲ ಎಂಬ ನಿಯಮ ಎರಡನೆಯ ದಿನಕ್ಕಿರಲಿ. ಕಂಬ ಹಿಡಿದು ಮೈಚಾಚಿ ಎದುರಾಳಿಯನ್ನು ಮುಟ್ಟುವ ‘ಕಂಬದ ಡೈವ್’ ಬೇಡವೇ ಬೇಡ, ಒದ್ದೆ ಹುಲ್ಲಿನ ಮೇಲೆ ಕೈ ಜಾರುತ್ತದೆ.

ಪ್ರಶ್ನೆ: ಆಸ್ಟ್ರೇಲಿಯಾದಲ್ಲಿ ಮಗಳು ಉಳಿಯುವ ಮನೆಯವರಿಗೆ ಅವಳ ಜೊತೆ ಎರಡು ಕಿಲೋ ಪೇಡೆ ಕಳಿಸಬೇಕೆಂದಿದ್ದೇನೆ.
– ತಾಯಿ, ಹುಬ್ಬಳ್ಳಿ

ಉತ್ತರ: ಆಸೆ ಸಹಜ, ಆದರೆ ಕಳಿಸಬೇಡಿ. ನಮ್ಮಲ್ಲಿ ದನಗಳಿಗೆ ಕಾಲುಬಾಯಿ ರೋಗವಿದೆ, ಆಸ್ಟ್ರೇಲಿಯಾದಲ್ಲಿಲ್ಲ. ಅದಕ್ಕೇ ನಮ್ಮ ಹಾಲಿನ ಸಿಹಿತಿಂಡಿಯನ್ನು ಅವರು ಒಳಗೆ ಬಿಡುವುದಿಲ್ಲ. ಬ್ಯಾಗಿನಲ್ಲಿಟ್ಟು ಆಗಮನ ಕಾರ್ಡಿನಲ್ಲಿ ‘ಆಹಾರವಿಲ್ಲ’ ಎಂದು ಬರೆದರೆ ದಂಡ ಬೀಳಬಹುದು. ಚರ್ಮ ಬಿಗಿದ ವಾದ್ಯಗಳದ್ದೂ ಇಂಥದೇ ತೊಡಕು; ಜಗ್ಗಲಿಗೆಯ ವಿಡಿಯೋ ತೋರಿಸಿದರೆ ಸಾಕು.

ಕಸೂತಿ ಕಳಿಸಿ. ಸಿದ್ಧ ಸೀರೆಗಿಂತ ಎಳೆ ಎಣಿಸಲು ಸುಲಭವಾದ ಮ್ಯಾಟಿ ಬಟ್ಟೆಯ ಒಂದೊಂದು ಗೇಣಿನ ಹತ್ತು ತುಂಡು, ಬಣ್ಣದ ದಾರ ಮತ್ತು ಸೂಜಿ (ಸೂಜಿ ದೊಡ್ಡ ಲಗೇಜಿನಲ್ಲಿ) ಹೆಚ್ಚು ಉಪಯೋಗ. ಕಸೂತಿಯ ಒಂದು ಹೊಲಿಗೆಯಾದ ಗವಂತಿಯಲ್ಲಿ ಗಂಟು ಹಾಕುವಂತಿಲ್ಲ. ಎಳೆ ಎಣಿಸುತ್ತ ಒಂದು ಬಿಟ್ಟು ಒಂದು ಹೊಲಿಗೆ ಹಾಕಿ ಹೋಗಬೇಕು, ಬರುವಾಗ ಖಾಲಿ ಜಾಗ ತುಂಬಬೇಕು. ಬಟ್ಟೆ ತಿರುಗಿಸಿದರೆ ಎರಡೂ ಬದಿ ಒಂದೇ. ಒಂದೇ ಒಂದು ಎಳೆ ತಪ್ಪಿದರೂ ಗೋಪುರ ಚಿತ್ತಾರದ ತುದಿ ಕೂಡುವುದಿಲ್ಲ. ಮಗಳು ಹೊರಡುವ ಮೊದಲು ಒಂದು ಚಿಕ್ಕ ಗೋಪುರವನ್ನಾದರೂ ತಾನೇ ಹಾಕಿ ಕಲಿಯಲಿ.

ಪ್ರಶ್ನೆ: ಆಸ್ಟ್ರೇಲಿಯಾದ ಆ ಶಾಲೆಯ ಇಬ್ಬರು ಹುಡುಗರು ನಮ್ಮ ಮನೆಯಲ್ಲಿ ನಾಲ್ಕು ದಿನ ಇರುತ್ತಾರೆ. ಖಾರ ಕಡಿಮೆ ಮಾಡಿದರೆ ಸಾಕಲ್ಲವೇ?
– ಗೃಹಿಣಿ, ಗದಗ

ಉತ್ತರ: ಖಾರಕ್ಕಿಂತ ಮೊದಲು ಶೇಂಗಾ ವಿಚಾರಿಸಿ. ಅಲ್ಲಿನ ಕೆಲವು ಮಕ್ಕಳಿಗೆ ಶೇಂಗಾ ಅಲರ್ಜಿ. ಚೂರು ಹೊಟ್ಟೆಗೆ ಹೋದರೂ ಗಂಟಲು ಬಾತು ಉಸಿರು ಕಟ್ಟಬಹುದು. ನಮ್ಮ ಅಡುಗೆಮನೆಯಲ್ಲೋ ಅದು ಎಲ್ಲೆಲ್ಲಿಯೂ ಇದೆ: ಹಿಂಡಿಯಲ್ಲಿ, ಎಣ್ಣೆಗಾಯಿಯ ಮಸಾಲೆಯಲ್ಲಿ, ಒಗ್ಗರಣೆಯ ಎಣ್ಣೆಯಲ್ಲಿ, ಹೋಳಿಗೆಯಲ್ಲಿ. ಅವರ ಶಾಲೆಯಿಂದ ಲಿಖಿತ ಪಟ್ಟಿ ತರಿಸಿ. ಅಲರ್ಜಿ ಇದ್ದರೆ ಆ ನಾಲ್ಕು ದಿನ ಶೇಂಗಾ ಡಬ್ಬಿ ಮನೆಯಿಂದಲೇ ಹೊರಗಿರಲಿ, ಸೂರ್ಯಕಾಂತಿ ಎಣ್ಣೆ ಬಳಸಿ, ಮಿಕ್ಸರ್ ಜಾರು, ಒರಳು ಬೇರೆ ಮಾಡಿ. ತೊಳೆದರೂ ಒರಳಿನ ಸಂದಿಯಲ್ಲಿ ಪುಡಿ ಉಳಿಯುತ್ತದೆ. ಹುಡುಗ ತನ್ನ ಅಡ್ರಿನಾಲಿನ್ ಇಂಜೆಕ್ಷನ್ ಪೆನ್ ತಂದಿದ್ದಾನೋ ಕೇಳಿ, ಬಳಸುವುದನ್ನು ಅವರ ಶಿಕ್ಷಕರಿಂದ ಕಲಿತಿಟ್ಟುಕೊಳ್ಳಿ. ಬಿಸಿ ಜೋಳದ ರೊಟ್ಟಿ, ಬೆಣ್ಣೆ, ಹೆಸರುಬೇಳೆ ಪಲ್ಯ ಧೈರ್ಯವಾಗಿ ಬಡಿಸಬಹುದು, ಅವಕ್ಕೂ ಅಲರ್ಜಿ ಇಲ್ಲವೆಂದು ಪಟ್ಟಿ ಹೇಳಿದರೆ. ಗೋಧಿ ಒಗ್ಗದವರಿಗೂ ಜೋಳ ಆಗುತ್ತದೆ, ಆದರೆ ಗೋಧಿ ಬೀಸಿದ ಗಿರಣಿಯ ಹಿಟ್ಟು ಬೇಡ.

ಇನ್ನೊಂದು ಮಾತು: ಅವರು ಬಂದ 24 ಗಂಟೆಯೊಳಗೆ ಪಾಸ್‌ಪೋರ್ಟ್, ವೀಸಾ ವಿವರವನ್ನು ವಿದೇಶಿಯರ ನೋಂದಣಿ ವ್ಯವಸ್ಥೆಗೆ ಆನ್‌ಲೈನ್‌ನಲ್ಲಿ ತಿಳಿಸಬೇಕು. ಲಾಡ್ಜ್‌ನವರು ‘ಸಿ ಫಾರ್ಮ್’ ಎನ್ನುತ್ತ ಬಂದಿರುವುದು ಇದನ್ನೇ. ಮನೆಯಲ್ಲಿ ಇಳಿಸಿಕೊಂಡವರಿಗೂ ಇದು ಅನ್ವಯ, ಶಾಲೆಯವರು ಮಾಡಿರುತ್ತಾರೆಂದು ಬಿಡಬೇಡಿ.