ಎಕ್ಸೆಕ್‌ನಲ್ಲಿ ಓಡಿಸಿದ ಕೋಡ್ ಪ್ರಿಂಟ್ ಮಾಡಿದ್ದನ್ನು ಸ್ಟ್ರಿಂಗ್‌ನಲ್ಲಿ ಹಿಡಿಯೋದು ಹೇಗೆ?

ಗದಗಿನಿಂದ ನೀವು ಕೇಳಿದ್ದು ಇಷ್ಟು: ಲ್ಯಾಬಿನ ಹುಡುಗರು ಬರೆದ ಪೈಥಾನ್ ಕೋಡನ್ನು ಎಕ್ಸೆಕ್‌ಗೆ (ಸ್ಟ್ರಿಂಗ್ ಆಗಿ ಕೊಟ್ಟ ಕೋಡನ್ನು ಓಡಿಸುವ ಪೈಥಾನ್ ಫಂಕ್ಷನ್) ಕೊಟ್ಟು ಓಡಿಸುತ್ತೀರಿ. ಉತ್ತರ ಸ್ಕ್ರೀನ್ ಮೇಲೆ ಬರುತ್ತದೆ, ವೇರಿಯಬಲ್‌ನಲ್ಲಿ ನೋಡಿದರೆ ಬರೀ 'ನನ್' (ಏನೂ ಇಲ್ಲ ಅಂತ ಅರ್ಥ). ಅದನ್ನು ಹಿಡಿದು ತಾನಾಗೇ ಮಾರ್ಕ್ಸ್ ಬೀಳುವ ಹಾಗೆ ಮಾಡಬೇಕು, ಅಲ್ವಾ?

'ನನ್' ಬರುವುದು ಸರಿಯೇ. ಎಕ್ಸೆಕ್ ಯಾವತ್ತೂ ಏನನ್ನೂ ವಾಪಸ್ ಕೊಡುವುದಿಲ್ಲ. ಪ್ರಿಂಟ್‌ನ ದಾರಿಯೇ ಬೇರೆ. ಕರೆದ ಹೊತ್ತಿಗೆ ಸಿಸ್ ಮಾಡ್ಯೂಲಿನ ಎಸ್‌ಟಿಡಿಔಟ್ (ಔಟ್‌ಪುಟ್ ಹೋಗುವ ಕಡೆ, ಸಾಮಾನ್ಯವಾಗಿ ಸ್ಕ್ರೀನ್) ಜಾಗದಲ್ಲಿ ಏನು ಕೂತಿದೆಯೋ ಅದಕ್ಕೆ ಬರೆದು ಕೈತೊಳೆದುಕೊಳ್ಳುತ್ತದೆ. ಅಲ್ಲಿ ಸ್ವಲ್ಪ ಹೊತ್ತು ಬೇರೆಯದನ್ನು ಕೂರಿಸಿದರೆ ಆಯ್ತು.

ಅದಕ್ಕೆ ಪೈಥಾನ್ ಜೊತೆಗೇ ಬರುವ ಕಾಂಟೆಕ್ಸ್ಟ್‌ಲಿಬ್ ಮಾಡ್ಯೂಲಿನಲ್ಲಿ ರೀಡೈರೆಕ್ಟ್_ಎಸ್‌ಟಿಡಿಔಟ್ ಇದೆ, ಪೈಥಾನ್ 3.4ರಿಂದಲೂ. (ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಬರೆಯುತ್ತಿದ್ದೇನೆ, ಹೆಸರುಗಳನ್ನು ನೀವು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿಕೊಳ್ಳಿ.) ಮೊದಲು ಐಒ ಮಾಡ್ಯೂಲಿನಿಂದ ಒಂದು ಸ್ಟ್ರಿಂಗ್‌ಐಒ (ಮೆಮೊರಿಯಲ್ಲೇ ಇರುವ ಫೈಲಿನಂಥದ್ದು) ಮಾಡಿ. ಆಮೇಲೆ ವಿತ್ ಸಾಲಿನಲ್ಲಿ ಅದನ್ನು ರೀಡೈರೆಕ್ಟ್‌ಗೆ ಕೊಟ್ಟು, ಒಳಗೆ ಎಕ್ಸೆಕ್ ಕರೆಯಿರಿ. ವಿತ್ ಮುಗಿದ ಮೇಲೆ ಗೆಟ್‌ವ್ಯಾಲ್ಯೂ ಅಂದರೆ ಪ್ರಿಂಟ್ ಆದದ್ದೆಲ್ಲ ಸ್ಟ್ರಿಂಗ್ ಆಗಿ ಕೈಗೆ ಬರುತ್ತದೆ. ನಡುವೆ ಎರರ್ ಬಂದರೂ ಹಳೆಯ ಎಸ್‌ಟಿಡಿಔಟ್ ತಾನಾಗೇ ಮರಳುತ್ತದೆ, ಅಲ್ಲಿಯವರೆಗೆ ಪ್ರಿಂಟ್ ಆಗಿದ್ದೂ ಉಳಿದಿರುತ್ತದೆ.

ಎಕ್ಸೆಕ್‌ಗೆ ಪ್ರತಿ ಹುಡುಗನ ಕೋಡಿಗೂ ಹೊಸ ಡಿಕ್ಷನರಿ (ವೇರಿಯಬಲ್ ಹೆಸರುಗಳು ಕೂರುವ ಜಾಗ) ಕೊಡಿ, ಇಲ್ಲದಿದ್ದರೆ ಒಬ್ಬನ ವೇರಿಯಬಲ್ ಇನ್ನೊಬ್ಬನಿಗೆ ಸಿಗುತ್ತದೆ. ಆದರೆ ಒಂದು ಕೋಡಿಗೆ ಒಂದೇ ಡಿಕ್ಷನರಿ ಕೊಡಿ. ಗ್ಲೋಬಲ್ಸ್‌ಗೊಂದು, ಲೋಕಲ್ಸ್‌ಗೊಂದು ಅಂತ ಎರಡು ಕೊಟ್ಟರೆ ಕೋಡು ಕ್ಲಾಸಿನೊಳಗೆ ಬರೆದ ಹಾಗೆ ಓಡುತ್ತದೆ. ಆಗ ಒಂದು ಫಂಕ್ಷನ್ ಇನ್ನೊಂದನ್ನು ಕರೆದರೆ, ಆ ಹೆಸರು ಸಿಗಲಿಲ್ಲ ಅಂತ ನೇಮ್‌ಎರರ್. ಹುಡುಗನ ಕೋಡು ಸರಿ ಇರುತ್ತದೆ, ಸುಮ್ನೆ ಸೊನ್ನೆ ಬೀಳುತ್ತದೆ.

ಜಾಸ್ತಿ ಕಾಟ ಕೊಡುವುದು ಇನ್‌ಪುಟ್. ಹುಬ್ಬಳ್ಳಿಯಲ್ಲಿ ನನ್ನ ಸಂಜೆ ಬ್ಯಾಚಿಗೆ ಬ್ಯಾಡಗಿ ಮೆಣಸಿನಕಾಯಿ ಲೆಕ್ಕ ಕೊಡುತ್ತೇನೆ: ಚೀಲ ಎಷ್ಟು, ಚೀಲಕ್ಕೆ ಎಷ್ಟು ಕೆಜಿ ಅಂತ ಕೇಳಿ ಒಟ್ಟು ಕ್ವಿಂಟಲ್ ಹೇಳಬೇಕು. ಎಸ್‌ಟಿಡಿಔಟ್ ಬದಲಾಗಿರುವಾಗ ಪ್ರಶ್ನೆಯೂ ಸ್ಟ್ರಿಂಗ್‌ಐಒ ಒಳಗೇ ಹೋಗುತ್ತದೆ. ಸ್ಕ್ರೀನ್ ಮೇಲೆ ಏನೂ ಕಾಣುವುದಿಲ್ಲ, ಪ್ರೋಗ್ರಾಂ ಮಾತ್ರ ಕಾಯುತ್ತಾ ಕೂತಿರುತ್ತದೆ. 12, 40 ಅಂತ ಕೊಟ್ಟರೆ ಕೊನೆಗೆ ಸಿಗುವುದು 'ಚೀಲ ಎಷ್ಟು? ಕೆಜಿ ಎಷ್ಟು? 4.8', ಎಲ್ಲಾ ಒಂದೇ ಸಾಲಿನಲ್ಲಿ. ಬರೀ 4.8ಕ್ಕೆ ಹೋಲಿಸಿದರೆ ತಪ್ಪು ಅಂತ ಬೀಳುತ್ತದೆ. ಪರಿಹಾರ ಸುಲಭ: ಆ ಡಿಕ್ಷನರಿಯಲ್ಲೇ ಇನ್‌ಪುಟ್ ಅನ್ನುವ ಹೆಸರಿಗೆ ನಿಮ್ಮದೇ ಫಂಕ್ಷನ್ ಇಡಿ. ಪ್ರಶ್ನೆಯನ್ನು ಅದು ಕಿವಿಗೆ ಹಾಕಿಕೊಳ್ಳಬಾರದು, ಮೊದಲೇ ಬರೆದಿಟ್ಟ ಲಿಸ್ಟಿನಿಂದ ಒಂದೊಂದೇ ಸಂಖ್ಯೆ ಕೊಡಬೇಕು, ಅದೂ ಸ್ಟ್ರಿಂಗ್ ಆಗಿ.

ಇಷ್ಟೆಲ್ಲಾ ಹೇಳಿದರೂ, ಬೇರೆಯವರ ಕೋಡಿಗೆ ನಾನು ಎಕ್ಸೆಕ್ ಬಳಸುವುದಿಲ್ಲ. ಯಾರಾದರೂ ವೈಲ್ ಟ್ರೂ ಅಂತ ಮುಗಿಯದ ಲೂಪ್ ಬರೆದರೆ ನಿಮ್ಮ ಪ್ರೋಗ್ರಾಮೂ ಅಲ್ಲೇ ನಿಲ್ಲುತ್ತದೆ. ಎಕ್ಸಿಟ್ ಅಂತ ಬರೆದರೆ ಸಿಸ್ಟಂಎಕ್ಸಿಟ್ ಏಳುತ್ತದೆ, ಎರರ್ ಹಿಡಿಯಲು ಬರೆಯುವ ಎಕ್ಸೆಪ್ಟ್ ಎಕ್ಸೆಪ್ಶನ್ ಅದನ್ನು ತಡೆಯುವುದಿಲ್ಲ. ಜೊತೆಗೆ ಎಸ್‌ಟಿಡಿಔಟ್ ಇಡೀ ಪ್ರೋಗ್ರಾಮಿಗೆ ಒಂದೇ. ಥ್ರೆಡ್‌ಗಳಲ್ಲಿ ನಾಲ್ಕು ಜನರ ಕೋಡು ಒಟ್ಟಿಗೆ ಓಡಿಸಿದರೆ ಯಾರ ಉತ್ತರ ಯಾರ ಪಾಲಿಗೋ.

ಅದರ ಬದಲು ಕೋಡನ್ನು ಫೈಲಿಗೆ ಬರೆದು, ಅದನ್ನು ಬೇರೆ ಪ್ರೊಸೆಸ್ ಆಗಿ (ಪ್ರತ್ಯೇಕ ಪ್ರೋಗ್ರಾಂ ಆಗಿ) ಓಡಿಸುವ ಸಬ್‌ಪ್ರೊಸೆಸ್ ಮಾಡ್ಯೂಲಿನ ರನ್ ಕರೆಯಿರಿ. ಕ್ಯಾಪ್ಚರ್_ಔಟ್‌ಪುಟ್ ಟ್ರೂ, ಟೈಮ್‌ಔಟ್ 5 ಸೆಕೆಂಡ್, ಸಂಖ್ಯೆಗಳನ್ನು ಇನ್‌ಪುಟ್ ಆರ್ಗ್ಯುಮೆಂಟ್‌ನಲ್ಲಿ ಸಾಲಿಗೊಂದರಂತೆ ಕೊಡಿ. ಹೊತ್ತು ಮೀರಿದರೆ ರನ್ ತಾನೇ ಆ ಪ್ರೊಸೆಸ್ ಕೊಂದು ಟೈಮ್‌ಔಟ್‌ಎಕ್ಸ್‌ಪೈರ್ಡ್ ಎಬ್ಬಿಸುತ್ತದೆ. ಇಲ್ಲೂ ಪ್ರಶ್ನೆ ಉತ್ತರದ ಜೊತೆ ಸೇರುತ್ತದೆ, ಅದಕ್ಕೇ ಇನ್‌ಪುಟ್ ಬ್ರಾಕೆಟ್ ಖಾಲಿ ಬಿಡಿ ಅಂತ ಹುಡುಗರಿಗೆ ಹೇಳಿಬಿಡಿ. ವಿಂಡೋಸ್ ಆದರೆ ಇನ್ನೊಂದು: ಔಟ್‌ಪುಟ್ ಸ್ಕ್ರೀನಿನ ಬದಲು ಪೈಪಿಗೆ (ಅಂದರೆ ನಿಮ್ಮ ಪ್ರೋಗ್ರಾಮಿಗೆ) ಹೋಗುವಾಗ ಕನ್ನಡ ಅಕ್ಷರಕ್ಕೆ ಯೂನಿಕೋಡ್‌ಎನ್‌ಕೋಡ್‌ಎರರ್ ಬರಬಹುದು. ಪೈಥಾನ್‌ಗೆ '-ಎಕ್ಸ್ ಯುಟಿಎಫ್8' ಸೇರಿಸಿ, ರನ್‌ನಲ್ಲೂ ಎನ್‌ಕೋಡಿಂಗ್ ಯುಟಿಎಫ್-8 ಅಂತ ಹೇಳಿ.

ಬೇರೆ ಪ್ರೊಸೆಸ್ ಅಂದ ಮಾತ್ರಕ್ಕೆ ಹುಡುಗರ ಕೋಡು ನಿಮ್ಮ ಫೈಲ್ ಅಳಿಸುವುದು ನಿಲ್ಲುವುದಿಲ್ಲ. ಲ್ಯಾಬಿನ ಮಟ್ಟಿಗೆ, ನಿಮ್ಮ ಫೈಲುಗಳನ್ನು ಮುಟ್ಟಲಾಗದ ಬೇರೆ ಲಾಗಿನ್‌ನಲ್ಲಿ ಇದನ್ನು ಓಡಿಸಿ.