ಎಳೆಯ ಬರ್ಗಂಡಿ ವೈನಿನಲ್ಲಿ ಬೆಂಕಿಕಡ್ಡಿಯ ವಾಸನೆ

ಪ್ರಶ್ನೆ: ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಮರ್ಸೋ ಊರಿನಿಂದ ಬಂದ 2022ರ ಬಿಳಿ ವೈನನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಸವಿದೆವು. ಗೀರಿದ ಬೆಂಕಿಕಡ್ಡಿಯ ವಾಸನೆ, ನಾಲಿಗೆಗೆ ಬರೀ ಹುಳಿ. ಕೆಟ್ಟಿದೆಯೇ? ಗುಣ ಅಳೆಯುವುದು ಹೇಗೆ?
– ಓದುಗರು, ಧಾರವಾಡ

ಉತ್ತರ: ಕೆಟ್ಟಿರಲಾರದು. ಆ ವಾಸನೆ ಗಂಧಕದ ಸಂಯುಕ್ತಗಳದ್ದು. ಗಾಳಿ ಹೆಚ್ಚು ತಾಗದಂತೆ ಯೀಸ್ಟಿನ ಗಸಿಯ ಮೇಲೆ ಮಾಗಿಸಿದ ಶಾರ್ಡನೇ (ಮರ್ಸೋ ಬಿಳಿ ವೈನಿಗೆ ಬಳಸುವ ದ್ರಾಕ್ಷಿ ತಳಿ) ವೈನಿನಲ್ಲಿ ಇದು ಸಹಜ. ಹದವಾಗಿದ್ದರೆ ಸೊಗಸು ಕೂಡ. ಜಗ್ಗಿಗೆ ಸುರಿದು ಅರ್ಧ ಗಂಟೆ ಬಿಟ್ಟರೆ ಸಾಮಾನ್ಯವಾಗಿ ತಗ್ಗುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಅದು ಬಿರಡೆಯ ದೋಷ, ಎಷ್ಟು ಹೊತ್ತು ಬಿಟ್ಟರೂ ಹೋಗದು.

ಹುಳಿ ಎದ್ದು ಕಾಣಲು ಅತಿ ತಂಪೇ ಕಾರಣ. ಫ್ರಿಜ್‌ನ 4–5 ಡಿಗ್ರಿಯಲ್ಲಿ ಪರಿಮಳ ಮುದುಡುತ್ತದೆ. 12–13 ಡಿಗ್ರಿ ಬೇಕು. ನಮ್ಮ ಬೇಸಿಗೆಯಲ್ಲಿ ಶೀಶೆಯನ್ನು ಅರ್ಧ ಗಂಟೆ ಮೊದಲು ಹೊರಗಿಡಿ, ಮಳೆಗಾಲದಲ್ಲಿ ಇನ್ನೂ ಬೇಗ. ಅಗಲ ಹೊಟ್ಟೆಯ ಗ್ಲಾಸಿಗೆ ಮೂರನೇ ಒಂದು ಭಾಗ ಸಾಕು.

ಬಣ್ಣ ತಿಳಿ ಹಳದಿ, ಅಂಚಿಗೆ ತುಸು ಹಸಿರು ಇರಲಿ. ಇಷ್ಟು ಎಳೆಯದು ಈಗಲೇ ಕಡುಚಿನ್ನದ ಬಣ್ಣಕ್ಕೆ ತಿರುಗಿ, ಕತ್ತರಿಸಿಟ್ಟ ಸೇಬಿನ ವಾಸನೆ ಬೀರಿದರೆ ಅಕಾಲ ಆಕ್ಸಿಡೀಕರಣದ (ಗಾಳಿಯ ಆಮ್ಲಜನಕ ತಾಗಿ ಬೇಗನೆ ಮುಪ್ಪಾಗುವುದು) ಶಂಕೆ ಪಡಬೇಕು. ಓಕ್ ಪೀಪಾಯಿಯ ವೆನಿಲಾ ಈಗ ಮುಂದಿದ್ದರೆ ಚಿಂತೆಯಿಲ್ಲ, ಅದರ ಕೆಳಗೆ ಹಣ್ಣಿನ ಸಾರ ಇದೆಯೇ ನೋಡಿ. ನುಂಗಿದ ಮೇಲೆ ರುಚಿ ಎಷ್ಟು ಸೆಕೆಂಡು ಉಳಿಯುತ್ತದೆ ಎಣಿಸಿ. ನನ್ನ ಮಟ್ಟಿಗೆ ಇದೇ ನಿಜವಾದ ಅಳತೆ. ಹುಳಿ ಮಾತ್ರ ಉಳಿದು ಹಣ್ಣು ಮಾಯವಾದರೆ ಸಾರ ತೆಳು.

ಸವಿಯುವ ಮುನ್ನ ಪೇಡೆ ಬೇಡ. ಸಿಹಿ ತಿಂದ ಬಾಯಿಗೆ ಒಳ್ಳೆಯ ವೈನೂ ಹುಳಿಯೇ. ಅರ್ಧ ಶೀಶೆಗೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟು ಮರುದಿನ ಮತ್ತೆ ನೋಡಿ. ಗಟ್ಟಿ ವೈನ್ ಅಷ್ಟರಲ್ಲಿ ಇನ್ನಷ್ಟು ಅರಳಿರುತ್ತದೆ.