ದಾವಣಗೆರೆಯಿಂದ ವಂಡರ್‌ಲಾಗೆ: ಎತ್ತರ ಅಳೆದು ಹೊರಡಿ

ಆರು ಮತ್ತು ಹನ್ನೊಂದು ವರ್ಷದ ಮಕ್ಕಳು, ಜೊತೆಗೆ ನಿಮ್ಮ ಅತ್ತೆ. ಬೆಂಗಳೂರಿನ ಹತ್ತಿರ ಬಿಡದಿಯಲ್ಲಿರುವ ಮನರಂಜನಾ ಪಾರ್ಕ್ ವಂಡರ್‌ಲಾಗೆ ಒಂದು ದಿನ ಸಾಕೇ ಎಂದು ಕೇಳಿದ್ದೀರಿ. ಸಾಕು. ಆದರೆ ದಾವಣಗೆರೆಯಿಂದ ಅದೇ ಬೆಳಿಗ್ಗೆ ಹೊರಟು ಬರಬೇಡಿ. ಹಿಂದಿನ ರಾತ್ರಿ ಬೆಂಗಳೂರಿನಲ್ಲೋ ಬಿಡದಿಯಲ್ಲೋ ಉಳಿದುಕೊಳ್ಳಿ. ನಿದ್ದೆಗೆಟ್ಟ ಮಗುವಿಗೆ ಯಾವ ಆಟವೂ ರುಚಿಸುವುದಿಲ್ಲ.

ಹೊರಡುವ ಮುನ್ನ ಮನೆಯ ಗೋಡೆಗೆ ನಿಲ್ಲಿಸಿ ಇಬ್ಬರ ಎತ್ತರವನ್ನೂ ಅಳೆಯಿರಿ. ಅಲ್ಲಿ ಮಕ್ಕಳ ಟಿಕೆಟ್ಟೂ ದೊಡ್ಡ ಆಟಗಳ ಪ್ರವೇಶವೂ ನಿರ್ಧಾರವಾಗುವುದು ಎತ್ತರದಿಂದ. ನನ್ನ ಮಗ ಅರ್ಧ ಗಂಟೆ ಸಾಲಿನಲ್ಲಿ ನಿಂತು, ಅಳತೆಗೋಲಿನ ಮುಂದೆ ಎರಡು ಬೆರಳಷ್ಟು ಕಡಿಮೆಯಾಗಿ ಅತ್ತುಬಿಟ್ಟಿದ್ದ. ಆ ಮುಖ ಇನ್ನೂ ಕಣ್ಣಮುಂದಿದೆ. ಚಿಕ್ಕವನಿಗೆ ಯಾವ ಆಟ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದನ್ನು ಮನೆಯಲ್ಲೇ ಹೇಳಿ ಒಪ್ಪಿಸಿ.

ನೀರಿನ ಆಟಗಳಿಗೆ ಹತ್ತಿ ಬಟ್ಟೆ, ಸೀರೆ ನಡೆಯುವುದಿಲ್ಲ. ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು. ಊರಿನಲ್ಲೇ ಕೊಂಡು ತನ್ನಿ, ಒಣ ಬಟ್ಟೆ, ಟವೆಲ್ ಮರೆಯಬೇಡಿ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಹೊಕ್ಕು ದೊಡ್ಡ ಒಣ ಆಟಗಳನ್ನು ಮುಗಿಸಿ, ಬಿಸಿಲೇರಿದ ಮೇಲೆ ನೀರಿಗಿಳಿಯಿರಿ. ವಾರದ ನಡುವಿನ ದಿನವಾದರೆ ಸಾಲು ಚಿಕ್ಕದು. ದಸರಾ ರಜೆಯಲ್ಲಿ ಮಾತ್ರ ಬೇಡವೇ ಬೇಡ.

ಹೊರಗಿನ ಊಟವನ್ನು ಒಳಗೆ ಬಿಡುವುದಿಲ್ಲ. ಬಿಡದಿಯಲ್ಲೇ ತಟ್ಟೆ ಇಡ್ಲಿ ತಿಂದು ಹೋಗಿ. ಅತ್ತೆಯವರಿಗೆ ನೆರಳಿರುವ ಒಂದು ಜಾಗವನ್ನು ಮೊದಲೇ ಗೊತ್ತುಮಾಡಿ, ಗಂಟೆಗೊಮ್ಮೆ ಯಾರಾದರೂ ಅವರ ಬಳಿ ಬಂದು ಕುಳಿತುಕೊಳ್ಳಿ.